ಎಡೆಗೆ ಬಂದ ಜಿನ್

ಹರಿಹರ
14-9-2025

ಪ್ರೀತಿಯ ತಮ್ಮ ಹರೀಶನಿಗೆ,

ನಿನ್ನ ಬೆನ್ನುನೋವು ಹೇಗಿದೆ? ಗೋವಾದ ಹೋಟೆಲಿನಲ್ಲಿ ಸಂಜೆಯಿಂದ ಬಾರ್ ಕಟ್ಟೆಯ ಹಿಂದೆ ನಿಂತೇ ಇರುವವನು, ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ. ನಾವು ಇದ್ದೇವೆ. ನಿಂಗರಾಜ ವರ್ಕ್‌ಶಾಪಿಗೆ ಹೋಗುತ್ತಿದ್ದಾನೆ. ಅವರಪ್ಪ ಇದ್ದಾಗ ನಡೆಸುತ್ತಿದ್ದ ಲೇತ್ ಮೆಷಿನ್ನನ್ನೇ ಅವನಿಗೂ ಕೊಟ್ಟಿದ್ದಾರೆ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನಗೆ ಬೈಯಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಲಾರಿ ಡ್ರೈವರ್ ಇಮ್ರಾನ್ ಹತ್ತಿರ ನೀನು ಕಳಿಸಿದ ಜಿನ್ ಬಾಟಲಿ ತಲುಪಿತು. ಭಾವನ ಮೊದಲ ಎಡೆ, ಮಹಾಲಯ ಅಮಾವಾಸ್ಯೆಗೆ ಅವರಿಗೆ ಇಷ್ಟವಾದದ್ದನ್ನು ಫೋಟೋ ಮುಂದೆ ಇಡಬೇಕು ಎಂದು ಹೇಳಿ ಕಳಿಸಿದ್ದೀಯ. ಹೋಳಿಗೆ ಇಡುತ್ತೇನೆ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇಡುತ್ತೇನೆ. ಇದನ್ನು ಇಡಲಾರೆ.

ಮುಚ್ಚಳ ತೆಗೆದು ಮೂಸಿದೆ. ಸುಳ್ಳು ಯಾಕೆ ಹೇಳಲಿ, ವಾಸನೆ ಚೆನ್ನಾಗಿದೆ. ಮೊದಲು ಲಿಂಬೆ ಸಿಪ್ಪೆ, ಆಮೇಲೆ ಈಗಷ್ಟೇ ಕುಟ್ಟಿದ ಕೊತ್ತಂಬರಿ ಬೀಜ, ಏಲಕ್ಕಿ, ಕೊನೆಗೆ ಮರದ ಅಂಟಿನಂಥ ಘಮ. ಅದು ಜುನಿಪರ್ ಕಾಯಿಯದ್ದು ಎಂದು ನೀನೇ ಹೇಳಿದ್ದೆ. ನೀರಿನಷ್ಟು ತಿಳಿ. ದಪ್ಪ ನೀಲಿ ಗಾಜು, ಮೇಲೆ ಎಲೆ ಬೇರುಗಳ ಚಿತ್ರ. ದೇವರ ಗೂಡಿನಲ್ಲಿಟ್ಟರೂ ಯಾರೂ ಏನೂ ಅನ್ನದಂಥ ಬಾಟಲಿ. ನನಗೆ ಸಿಟ್ಟು ಬಂದದ್ದೇ ಅದಕ್ಕೆ. ಸಾರಾಯಿ ನಾತ ಹೊಡೆದರೆ ಮನೆಯವರಿಗೆ ಗೊತ್ತಾಗುತ್ತದೆ. ಇದು ನನ್ನ ಅಡುಗೆಮನೆಯ ವಾಸನೆ ಹೊತ್ತುಕೊಂಡು ಒಳಗೆ ಬಂತು.

ಉಕ್ಕಡಗಾತ್ರಿ ಅಜ್ಜಯ್ಯನ ಗದ್ದುಗೆ ಮುಂದೆ ಒದ್ದೆ ಬಟ್ಟೆಯಲ್ಲಿ ನಿಂತು ನಿನ್ನ ಭಾವ ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿದ್ದರು. ಕುಡಿತ ಬಿಟ್ಟೂ ಇದ್ದರು. ಹೋದ ವರ್ಷ ಯುಗಾದಿಗೆ ಬಂದ ನೀನು ನಮ್ಮ ಪಡಸಾಲೆಯಲ್ಲಿ ಕೂತು, "ಭಾವ, ಇದು ಸಾರಾಯಿ ಲೆಕ್ಕ ಅಲ್ರಿ. ಬರೀ ಗಿಡಮೂಲಿಕೆ, ಔಷಧಿ ಇದ್ದಂಗೆ. ಅಜ್ಜಯ್ಯ ಏನೂ ಅನ್ನಲ್ಲ ಬಿಡ್ರಿ" ಅಂದೆ. ಅವರು ನನ್ನ ಮುಖ ನೋಡಿ, "ಕಷಾಯ ಐತಂತಲ್ಲೇ, ನೀನೂ ಒಂದು ಗುಟುಕು ಕುಡಿ" ಎಂದು ನಕ್ಕರು. ನಿನ್ನ ಬಾಟಲಿ ಮುಗಿದ ಮೇಲೆ ಇನ್ನೊಂದು ಬರಲಿ ಎಂದು ಕಾಯಲಿಲ್ಲ, ವೈನ್ ಅಂಗಡಿಯ ಅಗ್ಗದ ಪಾಕೀಟಿಗೆ ಇಳಿದರು. ದಾವಣಗೆರೆಯ ಆಸ್ಪತ್ರೆಯಲ್ಲಿ ಅವರು ಹೊಟ್ಟೆ ಊದಿಕೊಂಡು ಮಲಗಿದ್ದಾಗ ನೀನು ಬಂದು ಅತ್ತುಬಿಟ್ಟೆ. ಅವತ್ತು ನಾನು ಏನೂ ಅನ್ನಲಿಲ್ಲ. ಈಗ ಅನ್ನುತ್ತಿದ್ದೇನೆ.

ಎಡೆಗೆ ಇಟ್ಟದ್ದನ್ನು ಆಮೇಲೆ ಮನೆಯವರೇ ಪ್ರಸಾದವೆಂದು ತೆಗೆದುಕೊಳ್ಳಬೇಕು, ನಿನಗೆ ತಿಳಿಯದ್ದೇ? ಈ ಮನೆಯಲ್ಲಿ ಉಳಿದಿರುವ ಗಂಡಸು ನಿಂಗರಾಜ ಒಬ್ಬನೇ. ಹತ್ತೊಂಬತ್ತು ವರ್ಷದವನು. ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾನೆ, "ಎಷ್ಟು ಚೆಂದ ಐತಲ್ಲವ್ವ" ಅನ್ನುತ್ತಾನೆ. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದೇನೆ. ನಾಳೆ ಇಮ್ರಾನ್ ಗೋವಾಕ್ಕೆ ಹೊರಟಾಗ ಈ ಪತ್ರದ ಜೊತೆ ವಾಪಸು ಕಳಿಸುತ್ತೇನೆ.

ಸುಮಾಗೆ, ಮಕ್ಕಳಿಗೆ ನನ್ನ ಆಶೀರ್ವಾದ. ನಿನಗೂ ಇದೆ, ಸಿಟ್ಟು ಬಂತೆಂದು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ.

ನಿನ್ನ ಅಕ್ಕ,
ನಾಗರತ್ನ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿಂಗರಾಜ ಊಟಕ್ಕೆ ಬಂದ. ರೊಟ್ಟಿ ಬಡಿಸಲು ಬಗ್ಗಿದರೆ ಅವನ ಬಾಯಿಂದ ಆ ಬಾಟಲಿಯದ್ದೇ ವಾಸನೆ. ಅಕ್ಕಿಯಲ್ಲಿ ಹೂತಿಟ್ಟದ್ದನ್ನೂ ಹುಡುಕಿ ತೆಗೆದಿದ್ದಾನೆ. ಕೇಳಿದ್ದಕ್ಕೆ, "ಔಷಧಿ ಅಂತ ಮಾಮನೇ ಅಪ್ಪಂಗೆ ಹೇಳಿದ್ನಲ್ಲ, ನನಗ್ಯಾಕ ಬೈತಿ?" ಅಂದ. ನಾನು ಏನು ಹೇಳಿದರೂ, ಅವ್ವ ಅಳುವುದು ಇದ್ದದ್ದೇ ಅಂದುಕೊಳ್ಳುತ್ತಾನೆ. ಅಮಾವಾಸ್ಯೆವರೆಗೆ ಕಾಯಬೇಡ. ಇಮ್ರಾನ್ ತಿರುಗಿ ಬರುವ ಲಾರಿಯಲ್ಲೇ ಹತ್ತಿ ಬಾ. ನೀನು ಹೇಳಿದ್ದು ಸುಳ್ಳು ಎಂದು ಅವನ ಎದುರು ಕೂತು ನೀನೇ ಹೇಳು.