ಕೊನೆಯ ಕಂಬ ಗಿಡ್ಡ

ನವಲಿ,
೫ ಜೂನ್ ೨೦೧೩

ನನ್ನ ಬಂಗಾರದಂಥ ಅಂಜಲಿಗೆ ಅವ್ವನ ಮುತ್ತು.

ನಿನ್ನ ಕೆಮ್ಮು ಇಳಿಯಿತೇ? ಕುಷ್ಟಗಿಯ ಗಾಳಿಗೆ ತಲೆಗೆ ಬಟ್ಟೆ ಕಟ್ಟಿಕೊ. ಆಯಿಯ ಮೊಣಕಾಲಿಗೆ ಎಣ್ಣೆ ತಿಕ್ಕು. ಪುಸ್ತಕ ಮುಟ್ಟುವುದಿಲ್ಲ ಅಂತ ಹಟ ಹಿಡಿದು ಕುಳಿತಿದ್ದೀಯಲ್ಲ, ಕೈಗಾದರೂ ಕೆಲಸವಿರಲಿ! ಇಲ್ಲಿ ಕಾಲುವೆ ಒಣಗಿದೆ, ನೀರು ಯಾವಾಗ ಬಿಡುತ್ತಾರೆ ಎಂಬುದೇ ನಿನ್ನ ಅಪ್ಪನ ಮಾತು. ನಾನು ಮಾತ್ರ ಇಂಗ್ಲಿಷ್ ಓದುತ್ತಿದ್ದೇನೆ. ನಗಬೇಡ. ೧೯೯೫ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಉಳಿದುಹೋದದ್ದು ಅದೊಂದೇ ವಿಷಯ. ಪಾಸಾದರೆ ಅಂಗನವಾಡಿಯಲ್ಲಿ ಉಪ್ಪಿಟ್ಟು ಕಲಸುವ ಈ ಸಹಾಯಕಿ ಟೀಚರ್ ಆಗಬಹುದು. ಈ ಸಲ ಬಿಡುವವಳಲ್ಲ ನಾನು.

ಇಂಗ್ಲಿಷ್ ಪೇಪರಿನಲ್ಲಿ ಗ್ರಾಫಿನ ಪ್ರಶ್ನೆ ಬಂದರೆ ನೀನು ಪುಟ ಮಗುಚಿಬಿಡುತ್ತೀಯಲ್ಲ, ಅದನ್ನು ಹಿಡಿದುಬಿಟ್ಟಿದ್ದೇನೆ ನೋಡು. ಸಂಜೆ ಪಾಠ ಹೇಳುವ ಶಫೀಸಾಬ ಮಾಸ್ತರು ಕಲಿಸಿದ್ದು: ಮೊದಲು ಕೆಳಗಿನ ಇಸವಿ ನೋಡಬೇಕು. ಆಗಿಹೋದ ಇಸವಿಯಾದರೆ ‘ವಾಸ್’, ‘ರೋಸ್’, ‘ಫೆಲ್’. ಒಂದಕ್ಕೊಂದು ಹೋಲಿಸಿದರೆ ನಡುವೆ ‘ದ್ಯಾನ್’. ಭತ್ತ ಅಕ್ಕಿಯಾಗುವಂಥ ಚಿತ್ರವಾದರೆ ಮಾಡಿದವರ ಹೆಸರು ಬೇಡ. ‘ಈಸ್ ಸೋಕ್ಡ್’, ‘ಈಸ್ ಬಾಯಿಲ್ಡ್’ ಸಾಕು. ಮಿಲ್ಲಿನಲ್ಲಿ ಬಿಸಿಲಿಗೆ ಬೇಯುವ ಹೆಂಗಸರು ಎಲ್ಲಿ ಹೋದರು ಅಂತ ನನಗೆ ಸಿಟ್ಟು ಬಂತು. ಆದರೆ ಅಂಕ ಬೇಕಲ್ಲ ಮಾರಾಯ್ತಿ!

ಮೊನ್ನೆ ಮಾಸ್ತರು ಕೊಟ್ಟ ಪರೀಕ್ಷೆಯಲ್ಲಿ ಭತ್ತದ ಇಳುವರಿಯ ಗ್ರಾಫ್ ಇತ್ತು. ಕೊನೆಯ ಕಂಬ ಗಿಡ್ಡ. ನೋಡಿದ ಕೂಡಲೇ ನಮ್ಮ ಒಣ ಕಾಲುವೆ ನೆನಪಾಯಿತು. ಕಾಲುವೆಗೆ ನೀರು ಬರುವುದಿಲ್ಲ, ಎರಡನೆಯ ಬೆಳೆ ಹೋಗುತ್ತದೆ, ಗಂಗಾವತಿಯ ಮಿಲ್ಲುಗಳು ಮುಚ್ಚುತ್ತವೆ, ಜನ ಗುಳೆ ಹೋಗುತ್ತಾರೆ ಎಂದು ‘ವಿಲ್’ ‘ವಿಲ್’ ಹಾಕಿ ಪುಟ ತುಂಬಿಸಿದೆ. ಮಾಸ್ತರು ಉದ್ದಕ್ಕೂ ಕೆಂಪು ಗೀಟು ಎಳೆದರು. “ಏನ್ರಿ ರೂಪವ್ವ, ಕಾಲುವಿ ದಂಡಿಮ್ಯಾಗ ಕುಂತು ಬರದಂಗ ಐತಲ್ಲ! ಈ ಕಂಬ ಆದಮ್ಯಾಗ ಚಿತ್ರದಾಗ ಏನೈತಿ? ಖಾಲಿ ಐತಿ. ಖಾಲಿ ಇದ್ದದ್ದನ್ನ ನೀವ್ಯಾಕ ತುಂಬಸ್ತೀರಿ?” ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಮನೆಗೆ ಬಂದು ರೊಟ್ಟಿ ಬಡಿಯುವಾಗ ನೀನು ನೆನಪಾದೆ. ಒಂದು ಸಲ ಇಂಗ್ಲಿಷಿನಲ್ಲಿ ಫೇಲಾದದ್ದಕ್ಕೆ “ನನ್ನ ಕಥಿ ಮುಗೀತು ಬೇ” ಅಂದು ಆಯಿಯ ಊರಿನ ಬಸ್ ಹತ್ತಿದೆಯಲ್ಲ ನನ್ನವ್ವ, ನೀನೂ ಗಿಡ್ಡ ಕಂಬ ನೋಡಿ ಮುಂದಿನದನ್ನೆಲ್ಲಾ ಬರೆದುಬಿಟ್ಟೆ. ನನ್ನ ಮಗಳೇ ಸರಿ ನೀನು.

ಆಯಿಯ ಕಾಲಿಗೆ ನನ್ನ ನಮಸ್ಕಾರ ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ಛಲೋ ಇಟ್ಟಿರಲಿ.

ನಿನ್ನ ಅವ್ವ,
ರೂಪಾ

ತಾ.ಕ.: ಅಪ್ಪ ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಪತ್ರ ಪೆಟ್ಟಿಗೆಗೆ ಹಾಕಬೇಕಂತೆ. ಮೇಲೆ ಅಷ್ಟೆಲ್ಲಾ ಜಂಬ ಕೊಚ್ಚಿದೆ, ಖರೆ. ಆದರೆ ಆಗ ಫೇಲಾದ ಮೇಲೆ ಮತ್ತೊಮ್ಮೆ ಬರೆಯಲು ನಾನು ಹೋಗಲೇ ಇಲ್ಲ. ಜೊತೆಗೆ ಬರುವವರು ಯಾರೂ ಇರಲಿಲ್ಲ. ನಿನ್ನ ಫೀಯನ್ನೂ ನಾನೇ ಕಟ್ಟಿದ್ದೇನೆ; ಮುಂದಿನ ವಾರದ ಪರೀಕ್ಷೆಗೆ ಗಂಗಾವತಿಯ ಒಂದೇ ಶಾಲೆಯಲ್ಲಿ ನಮ್ಮಿಬ್ಬರ ನಂಬರೂ ಬಿದ್ದಿದೆ. ಒಬ್ಬಳೇ ಹೋಗಲು ನನಗೆ ಹೆದರಿಕೆ ಅಂಜೂ. ಪರೀಕ್ಷೆ ಕೋಣೆಯ ಬಾಗಿಲವರೆಗಾದರೂ ನನ್ನ ಕೈ ಹಿಡಿದುಕೊಂಡು ಬಾ. ಬರುವಾಗ ನಿನ್ನ ಪೆನ್ನನ್ನೂ ತಾ.