ಆರನೆಯ ಕಲ್ಲು

೧೨ ಜೂನ್ ೧೯೭೮, ಸೋಮವಾರ. ಹಾನಗಲ್ಲು

ತಾರಕೇಶ್ವರನ ಗುಡಿಯ ಕಂಬ ಎಣಿಸಿದೆ. ಮೂರು ಸಲ. ಮೂರು ಸಲವೂ ಬೇರೆ ಲೆಕ್ಕ. ಫಾರ್ಮಿನಲ್ಲಿ ‘ಹಲವು’ ಎಂದು ಬರೆದೆ. ಕನ್ನಡ ಎಂ.ಎ. ಮಾಡಿದ್ದು ಇದಕ್ಕೇ ಇರಬೇಕು.

ಇನ್ನೂ ಮೂರು ತಾಲೂಕು ಬಾಕಿ — ಶಿಗ್ಗಾಂವ, ಸವಣೂರು, ಹಿರೇಕೆರೂರು. ಜನ ಹೆಚ್ಚು ನೋಡದ ಗುಡಿ, ಕಲ್ಲು, ಜಲಪಾತ. ಒಂದೊಂದಕ್ಕೆ ಒಂದು ಫಾರ್ಮು: ಸ್ಥಳ, ದಾರಿ, ನೋಡತಕ್ಕದ್ದು, ಐತಿಹ್ಯ. ಪ್ರವಾಸ ಇಲಾಖೆಯ ಆಫೀಸಿನವರು ಪುಸ್ತಕ ಮಾಡುತ್ತಾರಂತೆ. ಆಗಸ್ಟ್ ಕೊನೆಗೆ ಎಲ್ಲ ಮುಟ್ಟಬೇಕು.

ಒಬ್ಬಳನ್ನೇ ಕಳಿಸಲು ಅಪ್ಪ ಒಪ್ಪಲಿಲ್ಲ. ಅದಕ್ಕೇ ಗೋಪಿಕಾ ಅತ್ಯಾ ಜೊತೆ. ಅಪ್ಪನ ಅಕ್ಕ. ಅರವತ್ತೊಂದು ವರ್ಷ. ಬೋಳು ತಲೆಯ ಮೇಲೆ ಕೆಂಪು ಸೀರೆಯ ಸೆರಗು, ಕೈಯಲ್ಲಿ ತಾಮ್ರದ ತಂಬಿಗೆ. ಹೊರಗೆ ಯಾರ ಕೈಯಿಂದಲೂ ನೀರು ಮುಟ್ಟುವುದಿಲ್ಲ. ಇಷ್ಟು ವರ್ಷ ಸವಣೂರಿನ ಮನೆ ಬಿಟ್ಟರೆ ಮಠ, ಮಠ ಬಿಟ್ಟರೆ ಮನೆ. ಈಗ ಬಸ್ಸಿನಲ್ಲಿ ಕಿಟಕಿಗೆ ಕೂತು ಬೋರ್ಡಿನ ಮೇಲಿನ ಊರ ಹೆಸರುಗಳನ್ನು ಗಟ್ಟಿಯಾಗಿ ಓದುತ್ತಾರೆ. ಕಂಡಕ್ಟರ್ ನಗುತ್ತಾನೆ. ನನಗೆ ನಾಚಿಕೆ.

ನನ್ನ ಕೈಯಲ್ಲಿ ವಾಚು ಮಾತ್ರ ಇತ್ತು. ಅತ್ಯಾರಿಂದ ಬೈಸಿಕೊಂಡೆ.

“ಕೈ ಬರಿದು ಮಾಡ್ಕೊಂಡು ತಿರಗಬ್ಯಾಡ, ಇಂದೂ. ಎರಡು ಬಳಿ ಹಾಕ್ಕೊಂಡ್ರ ನಿನ್ನ ಎಂ.ಎ. ಏನು ಬಿದ್ದು ಹೋಗಂಗಿಲ್ಲ.”

೨೩ ಜೂನ್, ಶುಕ್ರವಾರ. ಹುಲಗೂರು

ದರ್ಗಾ. ಅತ್ಯಾ ಹೊರಗೆ ಬಿಸಿಲಲ್ಲಿ ಕೂತರು. ಹೂ ಮಾರುವ ಮಾಬೂಬಿ ಎನ್ನುವಾಕೆ ನೀರು ತಂದಳು. ಅತ್ಯಾ ಬೇಡವೆಂದರು.

“ಹೊರಗ ಕುಡ್ಯಂಗಿಲ್ಲವಾ ನಾ.”

“ಆತ್ರಿ ಅಮ್ಮಾ, ನೀರು ಬ್ಯಾಡ. ನೆರಳರ ನಡೀತೈತಿಲ್ಲ ನಿಮಗ?” ಅಂದು ತನ್ನ ಛತ್ರಿಯನ್ನು ಅವರ ಕಡೆ ವಾಲಿಸಿದಳು.

ಅತ್ಯಾ ಹಲ್ಲು ಕಾಣುವ ಹಾಗೆ ನಕ್ಕರು. ನಾನು ನೋಡಿದ್ದು ಇದೇ ಮೊದಲು.

ತಿರುಗಿ ಬರುವಾಗ ಮುಂದಿನ ಊರು ಹೇಳಿದೆ. ಮಾಸೂರು, ಮದಗದ ಕೆರೆ, ಅಲ್ಲಿಯ ಜಲಪಾತ. ಅತ್ಯಾ ಬೋರ್ಡು ಓದುವುದನ್ನು ನಿಲ್ಲಿಸಿದರು.

“ಅಲ್ಲಿಗೆ ನಾ ಬರಂಗಿಲ್ಲ.”

೨೪ ಜೂನ್

ಅಪ್ಪನನ್ನು ಕೇಳಿದೆ. ಬಾಗಿಲು ಮುಂದೆ ಮಾಡಿ ಹೇಳಿದರು. ಅತ್ಯಾರ ಗಂಡ ವಿಠ್ಠಲಾಚಾರ್ಯರು ಮಾಸೂರಿನಲ್ಲಿ ಶಾಲೆಯ ಮಾಸ್ತರರಾಗಿದ್ದರು. ೧೯೩೧ರ ಶ್ರಾವಣದಲ್ಲಿ ಕೆರೆಗೆ ಈಜಲು ಹೋಗಿ ತೀರಿಕೊಂಡರು. ಅತ್ಯಾರಿಗೆ ಹದಿನಾಲ್ಕು. ಇನ್ನೂ ಗಂಡನ ಮನೆಗೆ ಕಳಿಸಿರಲಿಲ್ಲ. ಆತನ ಮುಖ ಕಂಡದ್ದು ಮದುವೆಯ ನಾಲ್ಕು ದಿನ. ಆಮೇಲೆ ಒಂದು ವರ್ಷ ಅತ್ಯಾರನ್ನು ಒಳಕೋಣೆಯಲ್ಲಿ ಇಟ್ಟಿದ್ದರು — ಹೊರಗಿನವರ ಕಣ್ಣಿಗೆ ಬೀಳಬಾರದೆಂದು.

“ಸಣ್ಣ ವಯಸ್ಸು, ಈಜೋ ಹುಚ್ಚಿಗೆ ಜೀವ ಕಳಕೊಂಡ ಅಂತ ನಮ್ಮ ಅಜ್ಜಿ ಕಡೀತನಕ ಬೈದ್ಲು,” ಅಂದರು ಅಪ್ಪ. “ಆ ಮಾತು ಎತ್ತಬ್ಯಾಡ.”

೫ ಜುಲೈ, ಬುಧವಾರ. ಮಾಸೂರು

ಒಬ್ಬಳೇ. ಗದ್ದೆಯಲ್ಲಿ ಕೆಲಸ ಮಾಡುತ್ತಿದ್ದ ಭರಮವ್ವ ಎಂಬಾಕೆ ದಾರಿ ತೋರಿಸಲು ಬಂದಳು. ಐವತ್ತು ದಾಟಿದ ಹೆಂಗಸು. ನನಗಿಂತ ಜೋರು ನಡಿಗೆ.

ಎರಡು ಗುಡ್ಡಗಳ ನಡುವೆ ಏರಿ. ಕೆರೆ ತುಂಬಿ ಹೆಚ್ಚಿನ ನೀರು ಕೋಡಿಯಿಂದ ಬಂಡೆಗಳ ಮೇಲೆ ಇಳಿದರೆ ಅದೇ ಜಲಪಾತ. ಈಗ ಬಂಡೆಯ ಮೇಲೆ ಒಂದು ದಾರದಷ್ಟು ನೀರು.

“ಇಷ್ಟ ನೀರು ನೋಡಾಕ ಬಸ್ಸು ಹತ್ತಿ ಬಂದ್ರ್ಯಾ?” ಭರಮವ್ವ ನಕ್ಕಳು. “ಶ್ರಾವಣದಾಗ ಬರ್ರಿ. ಕೋಡಿ ಬಿದ್ದಾಗ ಮಗ್ಗಲದಾಗ ನಿಂತು ಒದರಿದ್ರೂ ಕೇಳಂಗಿಲ್ಲ.”

ಕೋಡಿಯ ಪಕ್ಕ ಮರದ ಕೆಳಗೆ ಆರು ವೀರಗಲ್ಲು. ಐದು ಹಳೆಯವು — ಸವೆದು ಕತ್ತಿ ಯಾವುದು ಕೈ ಯಾವುದು ತಿಳಿಯದು. ಆರನೆಯದು ಹೊಸದು. ಕಲ್ಲಿನ ಕೆಳಭಾಗದಲ್ಲಿ ನೀರು. ನೀರಿನಲ್ಲಿ ಜುಟ್ಟಿನ ಗಂಡಸು, ತಲೆಯ ಮೇಲೆ ಎತ್ತಿ ಹಿಡಿದ ಮಗು. ಮೇಲೆ ಸೂರ್ಯ, ಚಂದ್ರ. ಪಕ್ಕದಲ್ಲಿ ಒಂದು ಹೆಣ್ಣಿನ ಕೈ, ಮೇಲಕ್ಕೆ ಎತ್ತಿದ್ದು, ತುಂಬ ಬಳೆ. ಗಂಡನ ಜೊತೆ ಸತ್ತ ಮಾಸ್ತಿಯ ಗುರುತು. ಆ ಕೈಗೆ ನಿಜವಾದ ಹಸಿರು ಬಳೆಗಳನ್ನು ದಾರದಲ್ಲಿ ಪೋಣಿಸಿ ತೂಗುಹಾಕಿದ್ದಾರೆ.

“ಆ ಕೂಸು ನಾನ್ರಿ,” ಅಂದಳು ಭರಮವ್ವ.

ಪೆನ್ನು ನಿಂತಿತು.

“ಏಳು ವರ್ಸದಾಕಿ. ಎಮ್ಮಿ ಹಿಂದ ಬಂದಿದ್ದೆ, ಜಾರಿ ಬಿದ್ದೆ. ನಮ್ಮ ಸಾಲಿ ಮಾಸ್ತರು ಅಂಗಿ ಸುದ್ದಾ ತಗೀಲಿಲ್ಲ, ಹಾರಿದ್ರು. ನನ್ನ ದಂಡಿಗೆ ನೂಕಿದ್ರು. ತಾವು ಬರಲಿಲ್ಲ.”

“ಈ ಕೈ?”

“ಅವರ ಹೆಂಡ್ತೀದ್ರಿ. ಮಾಸ್ತರ ಟ್ರಂಕಿನಾಗ ಹಸಿರು ಸೀರಿ, ಒಂದು ಡಜನ್ ಬಳಿ ಇದ್ವು. ಪಂಚಮಿಗೆ ಹೆಂಡ್ತಿಗೆ ಒಯ್ಯಬೇಕಂತ ತಂದಿಟ್ಟಿದ್ರು. ನಮ್ಮಪ್ಪ ಟ್ರಂಕ್ ಹೊತ್ಕೊಂಡು ಸವಣೂರಿಗೆ, ಆ ಹುಡುಗಿ ತವರಿಗೆ ಹೋದ. ಪುಸ್ತಕ, ಧೋತರ ಇಟ್ಕೊಂಡ್ರಂತ, ಸೀರಿ ಬಳಿ ಗಂಟು ಕಟ್ಟಿ ಹೊಳ್ಳಿ ಕೊಟ್ರಂತ. ಮಗಳ ಸಲುವಾಗಿ ಸತ್ರು ಅಂತ ಹೇಳಾಕ ನಮ್ಮಪ್ಪಗ ಧೈರ್ಯ ಆಗಲಿಲ್ಲಂತ. ಆ ಹುಡುಗಿ ಮನ್ಯಾಗ ಎಲ್ಲೂ ಕಾಣಲಿಲ್ಲ. ಇವ ತಿಳಕೊಂಡ, ಆಕೀನೂ ಗಂಡನ ಹಿಂದ ಹೋಗ್ಯಾಳ ಅಂತ. ಬಂದು ಕಲ್ಲು ಕಡಿಸಿದ. ಅದ ಬಳಿ ಕಟ್ಟಿದ. ಈಗ ನಮಗೆಲ್ಲ ಮಾಸ್ತ್ಯವ್ವ. ಲಗ್ನ ಆದ ಹುಡಿಗ್ಯಾರು ಮದ್ಲ ಇಕಿಗೆ ಬಳಿ ಕೊಟ್ಟು ಆಮ್ಯಾಲ ತಾವು ಇಟ್ಕೋತಾರ.”

ಬಾಯಿ ತೆರೆದೆ. ಟೇಪು ತೆಗೆದು ಕಲ್ಲು ಅಳೆದೆ. ಎತ್ತರ ಮೂರಡಿ ಎರಡಿಂಚು.

೨೦ ಜುಲೈ

ಹದಿನೈದು ದಿನ ಏನೂ ಬರೆದಿಲ್ಲ. ಅತ್ಯಾರ ಎದುರು ಕೂಡಲೂ ಆಗಿಲ್ಲ.

ಇಂದು ಅಕ್ಕಿ ಆರಿಸುವಾಗ ಅರ್ಧ ಹೇಳಿದೆ. ಹುಡುಗಿಯ ಸಂಗತಿ ಮಾತ್ರ. ಅತ್ಯಾರ ಬೆರಳು ಮೊರದ ಮೇಲೆ ನಿಂತಿತು.

“ಈಜಲಿಕ್ಕೆ ಹೋಗಿದ್ದಲ್ಲಾ?”

“ಅಲ್ಲ.”

“ಆ ಹುಡುಗಿ ಬದುಕ್ಯಾಳ?”

“ಹೂಂ.”

ಒಂದು ಹಿಡಿ ಅಕ್ಕಿ ಆರಿಸಿ ಪಕ್ಕಕ್ಕಿಟ್ಟರು — “ಕೋಡಿ ಯಾವಾಗ ಬೀಳ್ತದ?”

ಕಲ್ಲು ಇದೆ ಎಂದೆ. ಕೈಯ ವಿಷಯ ಹೇಳಲಿಲ್ಲ. ನಾಳೆ ಹೇಳುತ್ತೇನೆ.

೩ ಆಗಸ್ಟ್

ಹೇಳಿಲ್ಲ. ಕೋಡಿ ಬಿದ್ದಿದೆಯಂತೆ, ಹಿರೇಕೆರೂರಿನಿಂದ ಬಂದವರು ಅಂದರು. ಅತ್ಯಾ ಆಗಲೇ ಅವಲಕ್ಕಿ ಗಂಟು ಕಟ್ಟಿದ್ದಾರೆ.

೭ ಆಗಸ್ಟ್, ಸೋಮವಾರ. ರಾತ್ರಿ, ಸವಣೂರು

ಎಲ್ಲ ಬರೆದಿಡಬೇಕು. ಮರೆತರೆ ನನ್ನನ್ನು ನಾನು ಕ್ಷಮಿಸಿಕೊಂಡುಬಿಡುತ್ತೇನೆ.

ನೀರಿನ ಸಪ್ಪಳ ಊರ ಹೊರಗಿನಿಂದಲೇ ಕೇಳುತ್ತಿತ್ತು. ಕೆಂಪು ನೀರು, ಬಂಡೆ ಕಾಣದ ಹಾಗೆ. ತುಂತುರಿಗೆ ಅತ್ಯಾರ ಸೀರೆ ತೊಯ್ದಿತು. ಅಂಚಿಗೆ ಕೂತು ಬೊಗಸೆಯಲ್ಲಿ ನೀರು ಎತ್ತಿ ಕುಡಿದರು. ನಾನು ಗಾಬರಿಯಾದೆ. “ಹರಿಯೋ ನೀರಿಗೆ ಮೈಲಿಗಿ ಇಲ್ಲ,” ಅಂದರು.

ಆಮೇಲೆ ಕಲ್ಲಿನ ಹತ್ತಿರ ಹೋದರು. ಶ್ರಾವಣದ ಸೋಮವಾರ. ಭರಮವ್ವ, ಹತ್ತಿಪ್ಪತ್ತು ಹೆಂಗಸರು, ಅರಿಷಿಣ, ಕುಂಕುಮ, ಬಳೆ. ಅತ್ಯಾ ಕಲ್ಲಿನ ಎದುರೇ ನಿಂತು ನೀರಿನಲ್ಲಿದ್ದ ಜುಟ್ಟಿನ ಗಂಡಸನ್ನು ನೋಡುತ್ತಿದ್ದರು.

ಒಬ್ಬ ಹುಡುಗಿ, ಹೊಸದಾಗಿ ಮದುವೆಯಾದವಳು, ಮೆಲ್ಲಗೆ ಅಂದಳು: “ಅಮ್ಮಾರ, ಒಂದೀಟು ಅತ್ತಾಗ ಸರೀರಿ. ಮಾಸ್ತ್ಯವ್ವಗ ಬಳಿ ಇಡಸಾಕತ್ತೇವಿ. ಈ ಹೊತ್ತಿನಾಗ ನೀವು ಎದುರಿಗೆ ಬ್ಯಾಡ್ರಿ.”

ಬೋಳು ತಲೆ. ಅಪಶಕುನ. ಅತ್ಯಾ ತಕ್ಷಣ ಸರಿದರು, ರೂಢಿಯಂತೆ. ಹೇಳಬೇಕೆಂದು ನಾನು ಮುಂದೆ ಹೆಜ್ಜೆ ಇಟ್ಟೆ. ಇಟ್ಟೆನೇ? ಇಟ್ಟೆ ಎಂದು ಈಗ ಅನ್ನಿಸುತ್ತಿದೆ. ಮಾತು ಮಾತ್ರ ಬರಲಿಲ್ಲ.

ಪೂಜೆ ಮುಗಿಯಿತು. ಅತ್ಯಾ ಭರಮವ್ವನನ್ನು ಕರೆದರು.

“ಆ ಕೈ ಯಾರದವಾ?”

ಭರಮವ್ವ ಎಲ್ಲ ಹೇಳಿದಳು. ಟ್ರಂಕು, ಸೀರೆ, ಬಳೆ, ಪಂಚಮಿ. ನಾನು ನೆಲ ನೋಡುತ್ತಿದ್ದೆ.

“ನೀವು ಯಾವೂರ್ರಿ?”

“ಸವಣೂರು.”

“ಅಯ್ಯ, ಆಕೀನೂ ಸವಣೂರಾಕೀನರಿ! ನೀವು ನೋಡಿದ್ರೇನು?”

“ನೋಡಿದ್ದೆ.”

“ಹೆಂಗಿದ್ಲರಿ?”

ಅತ್ಯಾ ಕಲ್ಲಿನ ಕೈ ನೋಡಿದರು. “ಅಂಜುಬುರುಕಿ. ಕೈ ಇಷ್ಟು ಮ್ಯಾಲೆ ಎತ್ತಿದ್ದು ನಾ ಎಂದೂ ಕಂಡಿಲ್ಲ.”

ನಾನು ಬಾಯಿ ತೆರೆದೆ. ಈ ಸಲ ನಿಜವಾಗಿ. ಅತ್ಯಾ ನನ್ನ ಮಣಿಕಟ್ಟು ಹಿಡಿದರು, ವಾಚಿನ ಸಮೇತ. ಬಿಗಿಯಾಗಿ.

“ನಿನಗ ಮಕ್ಕಳೆಷ್ಟು ಭರಮವ್ವಾ?”

“ಐದ್ರಿ. ಮೊಮ್ಮಕ್ಕಳು ಹನ್ನೊಂದು. ಆಗಳೆ ನಿಮ್ಮನ್ನ ಸರೀರಿ ಅಂದ್ಲಲ್ಲ, ಆಕಿ ಹಿರೇ ಮೊಮ್ಮಗಳು. ತಪ್ಪು ತಿಳಕೋಬ್ಯಾಡ್ರಿ, ಸಣ್ಣ ಹುಡುಗಿ.”

“ಯಾಕ ತಿಳಕೊಳ್ಳಲಿ? ಛಲೋ ಬಾಳಲಿ,” ಅಂದರು ಅತ್ಯಾ. ತಂಬಿಗೆಯಲ್ಲಿ ಕೋಡಿಯ ನೀರು ತುಂಬಿಕೊಂಡರು.

ಬಸ್ಸಿನಲ್ಲಿ ಬೋರ್ಡು ಓದಲಿಲ್ಲ. ಊರು ಹತ್ತಿರ ಬಂದಾಗ ಅಂದರು: “ಒಳಗಿನ ಕೋಣ್ಯಾಗಿದ್ದೆ. ಬಾಗಲಾಗ ಯಾರೋ ಗಂಡಸು ಅಳಲಿಕ್ಕತ್ತಿದ್ದ. ಗಂಟಿನ್ಯಾಗ ಬಳಿ ಸಪ್ಪಳ ಆಗಿತ್ತು. ಯಾರ ಮನಿ ಲಗ್ನದ ಬಳಿನೋ ಅಂದ್ಕೊಂಡಿದ್ದೆ.”

ಇಷ್ಟೇ.

೨೮ ಆಗಸ್ಟ್

ಆಫೀಸಿನಿಂದ ಕಾರ್ಡು ಬಂದಿದೆ. ಮಾಸೂರಿನ ಫಾರ್ಮು ಒಂದೇ ಬಾಕಿ. ಊರವರು ಹೇಳಿದ್ದನ್ನು ಬರೆದರೆ, ಅಚ್ಚಿನಲ್ಲೂ ಅತ್ಯಾ ಸತ್ತ ಹಾಗೆ. ನಿಜ ಬರೆದರೆ ಭರಮವ್ವನ ಮೊಮ್ಮಗಳು ನಾಳೆ ಯಾವ ಕೈಗೆ ಬಳೆ ಇಡಬೇಕು?

ಅತ್ಯಾರನ್ನೇ ಕೇಳಿದೆ.

“ಅವರ ಸುದ್ದಿ ಬರಿ. ಈಜಲಿಕ್ಕೆ ಹೋಗಿ ಸತ್ತರು ಅಂತ ಯಾರೂ ಅನಬಾರದು,” ಅಂದರು. “ನನ್ನದು ಬ್ಯಾಡ. ಆ ಬಳಿ ನನಗ ತಂದಿದ್ದು. ಅಲ್ಲೇ ಇರಲಿ.”

೨೯ ಆಗಸ್ಟ್, ಬೆಳಿಗ್ಗೆ

ಫಾರ್ಮು ತುಂಬಿದೆ. ನೋಡತಕ್ಕದ್ದು: ಕೋಡಿ ಬಿದ್ದಾಗ ಜಲಪಾತ, ಆರು ವೀರಗಲ್ಲು. ಐತಿಹ್ಯ: ಆರನೆಯ ಕಲ್ಲು ಶಾಲೆಯ ಮಾಸ್ತರರಾದ ವಿಠ್ಠಲಾಚಾರ್ಯರದು. ೧೯೩೧ರಲ್ಲಿ ಮುಳುಗುತ್ತಿದ್ದ ಹುಡುಗಿಯನ್ನು ಉಳಿಸಿ ತಾವು ತೀರಿಕೊಂಡರು. ಆ ಹುಡುಗಿ ಈಗಲೂ ಊರಲ್ಲಿದ್ದಾಳೆ.

ಕೈಯ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ಲಕೋಟೆ ಅಂಟಿಸಿದ್ದೇನೆ.

ಇಲ್ಲಿ ಬರೆಯುತ್ತೇನೆ. ಇದನ್ನು ಯಾರೂ ಓದುವುದಿಲ್ಲ. ವಿಠ್ಠಲಾಚಾರ್ಯರ ಹೆಂಡತಿಯ ಹೆಸರು ಗೋಪಿಕಾಬಾಯಿ. ಅವರು ಇದ್ದಾರೆ. ಹಿತ್ತಲಲ್ಲಿ ಸೀರೆ ಒಣಹಾಕುತ್ತಿದ್ದಾರೆ. ಹಗ್ಗ ಎತ್ತರ, ಎಟಕುತ್ತಿಲ್ಲ, ತುದಿಗಾಲಲ್ಲಿ ನಿಂತು ಬಲಗೈ ಮೇಲಕ್ಕೆ —