ಹೊಳೆಯ ನಡುವೆ ನಿಂತ ಇಂಜಿನ್

ಪ್ರೀತಿಯ ತಮ್ಮ ಖಲೀಲ,

ನಾಳೆ ನೀನು ಡಯಾಲಿಸಿಸ್ ಮಂಚದ ಮೇಲೆ ಮಲಗಿದಾಗ ಈ ಹಾಳೆಗಳನ್ನು ನಿನ್ನ ಬಲಗೈಗೆ ಕೊಡುತ್ತೇನೆ. ಬಾಯಿಂದಲೇ ಹೇಳಬಹುದಿತ್ತು. ಆದರೆ ಆ ವಾರ್ಡಿನಲ್ಲಿ ಮಂಚಕ್ಕೂ ಮಂಚಕ್ಕೂ ನಡುವೆ ಇರುವುದು ಒಂದು ಪರದೆ ಮಾತ್ರ. ಮನೆಯಲ್ಲಿ ನಮ್ಮ ದಖನಿ ಉರ್ದುವಿನಲ್ಲಿ ಶುರುಮಾಡಿದರೆ ಜಗಳವಾಗುತ್ತದೆ. ಅದಕ್ಕೇ ದೇವದುರ್ಗದ ಶಾಲೆಯಲ್ಲಿ ಇಬ್ಬರೂ ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಿನ್ನ ಭಾವ ತೀರಿಕೊಂಡ ವರ್ಷವೇ ನೀನು ಹಡಗಿನ ಇಂಜಿನ್ ಕೋಣೆಯ ಕೆಲಸ ಬಿಟ್ಟು ರಾಯಚೂರಿಗೆ, ನನ್ನ ಮನೆಗೆ ಬಂದೆ. ಹೊರದೇಶಕ್ಕೆ ದುಡಿಯಲು ಹೋದವರು ಕಂಬಳಿ, ಅತ್ತರಿನ ಸೀಸೆ ತರುತ್ತಾರೆ. ನೀನು ಕಾರವಾರದಿಂದ ಲಾರಿಯ ಮೇಲೆ ಒಂದು ಹಳೆಯ ಹಾಯಿದೋಣಿ ತಂದೆ. ದೇವದುರ್ಗದ ಕಡೆ ಕೃಷ್ಣೆಯಲ್ಲಿ ಅದನ್ನು ಇಳಿಸಿದ ದಿನ ಅಲ್ಲಿನ ಹಟ್ಟಿಯ ಕುರಿಗಾರ ಪರಮಣ್ಣ ಕುರಿಗಳನ್ನು ದಂಡೆಯ ಮೇಲೆ ಬಿಟ್ಟು ನೋಡಲು ಬಂದ.

"ಸಾಹೇಬ್ರ, ಇದರಾಗ ಎಷ್ಟು ಕುರಿ ಹಿಡೀತಾವ್ರೀ?"

"ಒಂದೂ ಇಲ್ಲೋ ಪರಮಣ್ಣ."

"ಮತ್ತ್ಯಾಕ ತಂದೀರಿ?"

ನಾನೂ ಅದನ್ನೇ ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಪಡುವಣ ಗಾಳಿಗೆ ಹಾಯಿ ಉಬ್ಬಿತು, ನಿನ್ನ ಮುಖ ನೋಡಿ ಸುಮ್ಮನಾದೆ. ಅಂದಿನಿಂದ ಭಾನುವಾರಗಳೆಲ್ಲ ದೋಣಿಗೆ ಹೋದವು. ನಾನು ಬುತ್ತಿ ಕಟ್ಟಿದೆ, ಹಗ್ಗ ಎಳೆದೆ, ಚುಕ್ಕಾಣಿ ಹಿಡಿಯುವುದನ್ನೂ ಕಲಿತೆ. ನನಗೆ ನೀರು ಇಷ್ಟವೆಂದು ನೀನು ತಿಳಿದೆ. ನನಗೆ ಇಷ್ಟವಾಗಿದ್ದದ್ದು ನೀನು ನಗುವುದು.

ಆಮೇಲೆ ನಿನ್ನ ಮೂತ್ರಪಿಂಡಗಳು ಕೈಕೊಟ್ಟವು. ವಾರಕ್ಕೆ ಮೂರು ದಿನ ಆಸ್ಪತ್ರೆ. ಸೂಜಿ ಚುಚ್ಚಲೆಂದು ನಿನ್ನ ಎಡಗೈಯ ನರಕ್ಕೆ ಆಪರೇಷನ್ ಆಯಿತು, ಆ ಕೈಯಲ್ಲಿ ಭಾರ ಎತ್ತಬಾರದೆಂದರು. ನಾನು ಆ ಮೂರೂ ದಿನ ನನ್ನ ಹೊಲಿಗೆ ಅಂಗಡಿಯ ಬಾಗಿಲು ಹಾಕಿ ಬಟ್ಟೆಗಳನ್ನು ವಾರ್ಡಿಗೇ ತಂದು ಕಾಜಾ ಹಾಕಿದೆ. ಎದುರುಮನೆಯ ಅಬ್ದುಲ್ ವಹೀದ್ ತನ್ನ ಕಾರಿನಲ್ಲಿ ನಿನ್ನನ್ನು ಕರೆದೊಯ್ಯುತ್ತೇನೆಂದು ಹೇಳಿದಾಗಲೆಲ್ಲ ಬೇಡವೆಂದೆ. ತಮ್ಮನನ್ನು ಬೇರೆಯವರ ಕೈಗೆ ಒಪ್ಪಿಸುವುದೇ ಎಂಬ ಜಂಬ ನನಗೆ.

ಮಳೆಗಾಲ ಮುಗಿದ ಮೇಲೆ, ಗಾಳಿಯಿಲ್ಲದಾಗ ಓಡಿಸಲೆಂದು ದೋಣಿಯಲ್ಲಿದ್ದ ಹಳೆಯ ಇಂಜಿನ್ ಒಡೆಯಿತು. ತಂಪು ನೀರಿನ ದಾರಿಯಲ್ಲಿ ಹೊಳೆಯ ಹೂಳು ಕಟ್ಟಿ, ಕಾದು, ಅದರ ಬೀಡುಕಬ್ಬಿಣದ ಮೈ ಬಿರುಕು ಬಿಟ್ಟಿತ್ತು. ಗಾಳಿಯೂ ಬಿದ್ದುಹೋಗಿತ್ತು. ಹರಿವು ನಮ್ಮನ್ನು ಬಂಡೆಗಳ ಕಡೆ ಒಯ್ಯುತ್ತಿದ್ದಾಗ ಪರಮಣ್ಣ ಹರಗೋಲಿನಲ್ಲಿ ಬಂದು ಹಗ್ಗ ಹಾಕಿ ಎಳೆದ. ಆ ಇಂಜಿನ್ನಿನ ಬಿಡಿಭಾಗ ಈಗ ಎಲ್ಲೂ ಸಿಗುವುದಿಲ್ಲವೆಂದು ಗೊತ್ತಾದಾಗ, ದೋಣಿಯ ಋಣ ತೀರಿತೆಂದು ನಾನು ಒಳಗೊಳಗೇ ಹಗುರಾದೆ. ನೀನು ಮರುದಿನವೇ ಹೊಸದು ಹುಡುಕಲು ಕೂತೆ.

ನಿನಗೆ ಓಡಾಡಲು ಆಗುತ್ತಿರಲಿಲ್ಲ, ಆದ್ದರಿಂದ ನಾನು ಓಡಾಡಿದೆ. ಮಾನ್ವಿಯಲ್ಲಿ ಮೆಕ್ಯಾನಿಕ್ ಮಲಂಗಸಾಬ ಗದ್ದೆಗೆ ನೀರೆತ್ತುವ ಪಂಪಿನ ಇಂಜಿನ್ ತೋರಿಸಿದ. "ಇದನ್ನ ಒಯ್ರಿ ಆಪಾ. ಸಿರವಾರದಾಗ ಯಾರ ಬೇಕಾದ್ರೂ ರಿಪೇರಿ ಮಾಡ್ತಾರ," ಎಂದ. ನೀನು ಅದರ ತೂಕ ಕೇಳಿದವನೇ ತಲೆಯಾಡಿಸಿದೆ. ಅಷ್ಟು ಭಾರ ಹಿಂದೆ ಕೂತರೆ ದೋಣಿ ಕುಂಡಿ ಊರಿ ಕೂರುತ್ತದೆ, ಅದರ ನಡುಕಕ್ಕೆ ಜೋಡಣೆಗಳೆಲ್ಲ ಸಡಿಲಾಗುತ್ತವೆ ಎಂದೆ. ನನಗೆ ಒಪ್ಪಿಗೆಯಾದದ್ದು ಬ್ಯಾಟರಿಯ ಮೋಟಾರು. ಗುಂಡಿ ಒತ್ತಿದರೆ ಸಾಕು, ನಿನ್ನ ಕೈಗೆ ಶ್ರಮವಿಲ್ಲ. ನೀನು ಅದಕ್ಕೂ ಒಪ್ಪಲಿಲ್ಲ. ಪರಮಣ್ಣನ ಹಟ್ಟಿಯಲ್ಲಿ ಕರೆಂಟು ಯಾವಾಗ ಬರುತ್ತದೋ ಯಾವಾಗ ಹೋಗುತ್ತದೋ, ಚಾರ್ಜು ಎಲ್ಲಿ ಮಾಡುವುದು ಎಂದೆ. ನೀನು ಆರಿಸಿದ್ದು ಕಾರವಾರದ ವ್ಯಾಪಾರಿಯ ಬಳಿಯಿದ್ದ ಒಂದೇ ಸಿಲಿಂಡರಿನ ಡೀಸೆಲ್ ಇಂಜಿನ್. ಹಗುರ, ಹೊಳೆಯ ಹೂಳು ಸೇರದಂತೆ ಒಳಗೇ ಸುತ್ತುವ ತಂಪು ನೀರು, ಗುಂಡಿಯೂ ಉಂಟು, ಗುಂಡಿ ಕೈಕೊಟ್ಟರೆ ತಿರುಗಿಸಲು ಹ್ಯಾಂಡಲ್ಲೂ ಉಂಟು.

ನನಗೆ ಸಿಟ್ಟು ಬಂತು. ವಾರ್ಡಿನಲ್ಲಿ ಲಲಿತಾ ಸಿಸ್ಟರ್ ಎದುರಿಗೇ, "ಈ ಕೈ ಇಟ್ಕೊಂಡು ಹ್ಯಾಂಡಲ್ ಹೆಂಗ ತಿರುಗಸ್ತಿ?" ಎಂದು ಕೇಳಿಬಿಟ್ಟೆ.

ನೀನು ಮೆಲ್ಲಗೆ ಹೇಳಿದೆ: "ನಾ ಯಾಕ ತಿರುಗಸ್ಲಿ ಆಪಾ? ನಾ ಹ್ವಾದ ಮ್ಯಾಲ ನೀ ಒಬ್ಬಾಕಿ ಹೊಳಿಗೆ ಹೋಗ್ತಿ. ನಿನ್ನ ಕೈಗೆ ತಿರುಗೋದು ನೋಡಾಕತ್ತೀನಿ."

ಸಿಸ್ಟರ್ ಮುಖ ತಿರುಗಿಸಿಕೊಂಡಳು. ಆಮೇಲೆ ನೀನು ಮಂಚದ ತಲೆಭಾಗ ಎತ್ತುವ ಹಿಡಿಕೆಯನ್ನೇ ಹಿಡಿಸಿ ನನಗೆ ಪಾಠ ಹೇಳಿದೆಯಲ್ಲ: ಮೊದಲು ಇಂಜಿನ್ನಿನ ಒತ್ತಡ ಬಿಡುವ ಲಿವರ್ ಎತ್ತು, ಜೋರಾಗಿ ತಿರುಗಿಸು, ವೇಗ ಬಂದ ಮೇಲೆ ಲಿವರ್ ಬಿಡು. ನಾನು ತಿರುಗಿಸಿದಂತೆ ಮಂಚದ ಜೊತೆ ನೀನು ಮೇಲೆ ಕೆಳಗೆ ಹೋಗುತ್ತಿದ್ದೆ. "ಮಂಚ ಮುರೀತೀರೇನ್ರೀ ಆಪಾ?" ಎಂದು ಲಲಿತಾ ಗದರಿದಳು. ಎಷ್ಟೋ ದಿನದ ಮೇಲೆ ನಾವಿಬ್ಬರೂ ನಕ್ಕೆವು. ಆ ನಗುವಿಗೇ ನಾನು ಹೂಂ ಎಂದದ್ದು.

ತನ್ನ ಇಂಜಿನ್ ಬೇಡವೆಂದರೂ ಮಲಂಗಸಾಬನೇ ಬಂದು ಇದನ್ನು ಕೂರಿಸಿದ. ಮೊನ್ನೆ ಭಾನುವಾರ ನೀರಿಗಿಳಿದೆವು. ದಂಡೆಯ ಇಳಿಜಾರು ಇಳಿದು ದೋಣಿ ಹತ್ತಲು ನಿನಗೆ ಆಗಲಿಲ್ಲ. ಪರಮಣ್ಣ ಕುರ್ಚಿ ತಂದು ಹಾಕಿದ. "ನೀ ಹೋಗಿ ಬಾ, ನಾ ಸಪ್ಪಳ ಕೇಳ್ತೀನಿ," ಎಂದೆ ನೀನು. ನಾನೊಬ್ಬಳೇ ಹೊರಟೆ.

ಹೊಳೆಯ ನಡುವೆ ಇಂಜಿನ್ ನಿಂತಿತು. ನೀನು ಕುರ್ಚಿಯಿಂದೆದ್ದು "ಲಿವರ್ ಎತ್ತು ಆಪಾ" ಎಂದು ಕೂಗುತ್ತಿದ್ದದ್ದು ಕೇಳಿಸಿತು. ದೋಣಿ ಹರಿವಿಗೆ ಸಿಕ್ಕು ಕೆಳಕ್ಕೆ ಹೋಗುತ್ತಿತ್ತು. ನೀನು ನೀರಿಗಿಳಿದೆ, ಸೊಂಟದ ತನಕ ಬಂದೆ, ಪರಮಣ್ಣ ಹಿಂದಿನಿಂದ ತಬ್ಬಿ ಹಿಡಿದ. ಆಗ ನಾನು ಹ್ಯಾಂಡಲ್ ಹಾಕಿ ತಿರುಗಿಸಿದೆ. ಮೊದಲ ಸುತ್ತಿಗೇ ಹತ್ತಿಕೊಂಡಿತು. ಹರಿವಿಗೆ ಎದುರಾಗಿ ಬಂದು ದಂಡೆ ಮುಟ್ಟಿಸಿದೆ. ನೀನು ಒದ್ದೆ ಬಟ್ಟೆಯಲ್ಲಿ ನಡುಗುತ್ತ ಯಾಕೆ ನಿಂತಿತೆಂದು ಕೇಳಿದೆ. ಗೊತ್ತಿಲ್ಲ ಎಂದೆ ನಾನು.

ಇಂದು ನೀನು ಕಾರವಾರಕ್ಕೆ ಫೋನು ಮಾಡಿ, ಇಂಜಿನ್ನಿನಲ್ಲಿ ದೋಷವಿದೆ, ಲಾರಿ ಕಳಿಸಿ, ವಾಪಸ್ ಒಯ್ಯಿರಿ ಎಂದೆ. ಅಕ್ಕನ ಜೀವವನ್ನು ಇಂಥದರ ಮೇಲೆ ಬಿಡಲಾರೆ ಎಂದೆ. ನಾನು ಪಕ್ಕದ ಕೋಣೆಯಲ್ಲಿ ಕೇಳುತ್ತ ಕೂತಿದ್ದೆ. ಇನ್ನು ಸುಮ್ಮನಿರಲಾಗದು.

ಇಂಜಿನ್ ತಾನಾಗಿ ನಿಲ್ಲಲಿಲ್ಲ ಖಲೀಲ. ನಾನು ನಿಲ್ಲಿಸಿದೆ.

ಸಾಯುವ ಯೋಚನೆಯಲ್ಲ, ಹೆದರಬೇಡ. ಸಪ್ಪಳ ನಿಂತರೆ ಹೇಗಿರುತ್ತದೆ ನೋಡೋಣ ಅನ್ನಿಸಿತು, ಅಷ್ಟೆ. ನಿಂತಾಗ ಅಲ್ಲಿ ಯಾರೂ ನನಗೆ ಔಷಧಿಯ ಹೊತ್ತು ಹೇಳುತ್ತಿರಲಿಲ್ಲ, ನೀರು ಅಳೆದು ಕೊಡು ಅನ್ನುತ್ತಿರಲಿಲ್ಲ. ದೋಣಿಯ ತಳದಲ್ಲಿ ಕಾಲು ಚಾಚಿ ಕೂತೆ. ನೀನು ಕೂಗಿದ್ದು ಮೊದಲ ಸಲಕ್ಕೇ ಕೇಳಿಸಿತ್ತು. ಏಳಲಿಲ್ಲ. ಇನ್ನೊಂದು ಗಳಿಗೆ, ಇನ್ನೊಂದು ಗಳಿಗೆ ಎಂದು ಹಾಗೇ ಕೂತೆ. ನೀನು ನೀರಿಗಿಳಿದದ್ದು ಕಂಡ ಮೇಲೆ ಎದ್ದೆ. ಇದನ್ನು ಬರೆಯುವಾಗ ನಾಚಿಕೆಯಾಗಬೇಕು. ಆದರೆ ಆಗುತ್ತಿಲ್ಲ, ಅದಕ್ಕೂ ಶಕ್ತಿ ಉಳಿದಿಲ್ಲ. ನಾನು ದಣಿದಿದ್ದೇನೆ ತಮ್ಮಾ. ನೀನು ಯಾವತ್ತೂ ಕೇಳಲಿಲ್ಲ. ಕೇಳಿದ್ದರೂ ಇಲ್ಲ ಅನ್ನುತ್ತಿದ್ದೆ.

ಇಂಜಿನ್ ಚೆನ್ನಾಗಿದೆ. ನೀನು ಆರಿಸಿದ್ದೇ ಸರಿ. ಕಾರವಾರದವರಿಗೆ ಫೋನು ಮಾಡಿ ಲಾರಿ ಬೇಡ ಅನ್ನು. ಮತ್ತು ಮೂರು ದಿನಗಳಲ್ಲಿ ಒಂದು ದಿನ ಅಬ್ದುಲ್ ವಹೀದ್ ಜೊತೆ ಆಸ್ಪತ್ರೆಗೆ ಹೋಗು. ನಾನೇ ಅವನನ್ನು ಕೇಳಿ ಬಂದಿದ್ದೇನೆ, ಖುಷಿಯಿಂದ ಒಪ್ಪಿದ. ನಿನ್ನ ನಂತರ ನನಗೊಂದು ದೋಣಿ ಇರಲೆಂದು ನೀನು ಇಷ್ಟೆಲ್ಲ ಯೋಚಿಸಿದೆ. ನನಗೆ ಬೇಕಾದದ್ದು ಈಗಲೇ, ನೀನಿರುವಾಗಲೇ, ವಾರದಲ್ಲೊಂದು ದಿನ. ಆ ದಿನ ಹೊಳೆಗೂ ಹೋಗುವುದಿಲ್ಲ, ಅಂಗಡಿಗೂ ಹೋಗುವುದಿಲ್ಲ. ಮಲಗುತ್ತೇನೆ.

ಅಲ್ಲಾಹ್ ನಿನ್ನ ಆಯುಷ್ಯಕ್ಕೆ ಬರಕತ್ತು ಕೊಡಲಿ, ನೋವನ್ನು ಹಗುರ ಮಾಡಲಿ. ಓದಿ ಸಿಟ್ಟು ಬಂದರೆ ಬೈಯಿ, ಅಳು ಬಂದರೆ ಮಾತ್ರ ಎಡಗೈಯಿಂದ ಕಣ್ಣೊರೆಸಿಕೊಳ್ಳಬೇಡ, ಸೂಜಿ ಇರುತ್ತದೆ.

ನಿನ್ನನ್ನು ಬಿಟ್ಟು ಎಲ್ಲೂ ಹೋಗದ,
ಆಪಾ ತಹಸೀನ್